ಅಂಚು ಕಟ್ಟದ ಕುರ್ಚಿ

ಒಂದಾನೊಂದು ಊರು. ಆ ಊರಿಗೆ ರಾಜನಿರಲಿಲ್ಲ, ಸಿಂಹಾಸನ ಮಾತ್ರ ಇತ್ತು. ಸಿಂಹಾಸನಕ್ಕೆ ನಾಲ್ಕು ಕಾಲು, ಎರಡು ಕೈ, ಬೆತ್ತ ಹೆಣೆದ ಆಸನ. ಅದರ ಮೇಲೆ ಕೂತವರ ಬಾಯಿಗೆ ಕಥೆ ತಾನಾಗಿ ಬರುತ್ತಿತ್ತು. ಇಳಿದರೆ ಬರೀ ಬೈಗುಳ ಬರುತ್ತಿತ್ತು.

ಹೀಗೆಂದು ಹೇಳುತ್ತಿದ್ದವಳು ಅಜ್ಜಿ, ಹೇಳುತ್ತಿದ್ದುದೂ ಅದೇ ಕುರ್ಚಿಯ ಮೇಲೆ ಕೂತು. ವರ್ಷದ ದೊಡ್ಡ ಹಬ್ಬದ ದಿನ ಇಡೀ ಕುಟುಂಬ ದೊಡ್ಡಪ್ಪನ ಮನೆಯಲ್ಲಿ ಸೇರುತ್ತಿತ್ತು. ಊಟ ಮುಗಿದು, ಹೊಟ್ಟೆ ಭಾರವಾಗಿ, ಎಲ್ಲರೂ ಗೋಡೆಗೊರಗಿ ಕೂತಾಗ ಅಜ್ಜಿ ಕುರ್ಚಿ ಏರುತ್ತಿದ್ದಳು. ವರ್ಷಕ್ಕೆ ಒಂದೇ ಹೊಸ ಕಥೆ.

ಹೋದ ವರ್ಷದ್ದು ನೆರಳಿನ ರಾಜಕುಮಾರಿಯ ಕಥೆ. ಆ ರಾಜಕುಮಾರಿ ಒಂದು ಸುಳ್ಳು ಹೇಳಿದರೆ ಅವಳ ನೆರಳು ಒಂದು ಗೇಣು ಉದ್ದವಾಗುತ್ತಿತ್ತಂತೆ. ಮೊದಮೊದಲು ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ನೆರಳು ಬಾಗಿಲು ದಾಟಿತು, ಅಂಗಳ ದಾಟಿತು, ಕೋಟೆಯ ಗೋಡೆ ಹತ್ತಿ ಆಚೆ ಇಳಿಯಿತು. "ಕೊನೆಗೊಂದು ದಿನ ಏನಾಯ್ತು ಗೊತ್ತಾ..." ಎಂದು ಅಜ್ಜಿ ಮುಂದಕ್ಕೆ ಬಾಗಿದಳು.

ಚಟಚಟ ಎಂದಿತು ಕುರ್ಚಿ. ಅಜ್ಜಿ ಸೊಂಟದವರೆಗೆ ಒಳಗೆ ಇಳಿದುಹೋದಳು. ಕಾಲೆರಡೂ ಮೇಲೆ.

ಒಂದು ಕ್ಷಣ ಗಾಬರಿ, ಆಮೇಲೆ ನಗು. ಚಿಕ್ಕಪ್ಪನಂತೂ ಎತ್ತಲು ಬಂದವನು ನಗುತ್ತಾ ನೆಲಕ್ಕೇ ಕೂತುಬಿಟ್ಟ. ಅಜ್ಜಿಯೂ ನಕ್ಕಳು. "ಕುರ್ಚಿ ಏನು ಮಾಡುತ್ತೆ ಪಾಪ, ನಾನೇ ಗುಂಡಗಾಗಿದ್ದೀನಿ. ಇನ್ಮೇಲೆ ಸಿಹಿ ಮುಟ್ಟಿದ್ರೆ ಕೇಳಿ!"

ಎಲ್ಲರಲ್ಲೂ ನಗದೆ ನಿಂತವಳು ಒಬ್ಬಳೇ. ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಮೊಮ್ಮಗಳು. ಹುಟ್ಟಿದಾಗ ಸಣ್ಣ ದನಿಯಲ್ಲಿ ಬಿಡದೆ ಅತ್ತಿದ್ದಕ್ಕೆ ಮನೆಯವರು ಇಟ್ಟ ಹೆಸರು ಪಿಟೀಲು. ಆ ಬೆಳಿಗ್ಗೆ ದೊಡ್ಡಮ್ಮ ಅಟ್ಟದ ಮೇಲಿನ ದೊಡ್ಡ ಪಾತ್ರೆ ಇಳಿಸೆಂದಾಗ, ಸ್ಟೂಲ್ ತರಲು ಸೋಮಾರಿತನವಾಗಿ, ಅಜ್ಜಿಯ ಕುರ್ಚಿ ಹತ್ತಿ ನಿಂತವಳು ಪಿಟೀಲು. ಕಾಲ ಕೆಳಗೆ 'ಚಟ್' ಎಂದದ್ದನ್ನು ಕೇಳಿದವಳೂ ಅವಳೇ. ಅತ್ತ ಇತ್ತ ನೋಡಿ, ಮೇಲೊಂದು ದಿಂಬು ಇಟ್ಟು, ಕಣ್ಣು ಮುಚ್ಚಿ ಹಾಲು ಕುಡಿದ ಬೆಕ್ಕಿನಂತೆ ಹೊರಬಂದಿದ್ದಳು.

"ನಾನು" ಎನ್ನಲು ಬಾಯಿ ತೆರೆದಳು. ಹೊರಬಂದ ಮಾತು ಬೇರೆ. "ನಾನು ರಿಪೇರಿ ಮಾಡಿಸ್ಕೊಂಡು ಬರ್ತೀನಿ ಅಜ್ಜಿ. ಮುಂದಿನ ಹಬ್ಬಕ್ಕೆ ಇದರ ಮೇಲೇ ಕೂರ್ತೀಯ. ಆಣೆ."

"ಸರಿ. ಕುರ್ಚಿ ಬರಲಿ, ಮಿಕ್ಕ ಕಥೆ ಆಮೇಲೆ," ಎಂದಳು ಅಜ್ಜಿ. ಅಂದಿನಿಂದ ಆ ಮನೆಯಲ್ಲಿ ಕಥೆ ನಿಂತಿತು. ಅಜ್ಜಿಯ ತಟ್ಟೆಯಲ್ಲಿ ಸಿಹಿಯೂ ನಿಂತಿತು.

*

ಪಿಟೀಲು ಕೆಲಸ ಮಾಡುವ ಪಟ್ಟಣದಲ್ಲಿ, ಕನ್ನಡಕದಂಗಡಿಯ ಹಿಂದಿನ ಗಲ್ಲಿಯಲ್ಲಿ ಬೆತ್ತ ಹೆಣೆಯುವವನ ಕಾರ್ಖಾನೆ. ಕಾರ್ಖಾನೆಯೆಂದರೆ ಒಂದೇ ಕೋಣೆ. ಮೂಲೆಯಲ್ಲಿ ನೀರಿನ ತೊಟ್ಟಿ, ಅದರಲ್ಲಿ ನೆನೆಯುತ್ತಿರುವ ಬೆತ್ತದ ಸೀಳುಗಳು, ಗೋಡೆಗೆ ನೇತುಹಾಕಿದ ಆಸನವಿಲ್ಲದ ಕುರ್ಚಿಗಳು.

ಮೊದಲ ದಿನ ಅವಳು ಅಂಗಡಿಯ ಬಿಳಿ ಕೋಟಿನಲ್ಲೇ ಹೋಗಿದ್ದಳು. ಅವನು ಕೆಲಸದಿಂದ ತಲೆಯೆತ್ತಿ, ಕೋಟು ನೋಡಿ, ಗಡಬಡಿಸಿ ಎದ್ದ.

"ಡಾಕ್ಟ್ರೇ, ಯಾರಿಗೆ ಏನಾಯ್ತು?"

"ಕುರ್ಚಿಗೆ," ಎಂದಳು ಅವಳು.

ಅವನು ಕುರ್ಚಿಯನ್ನು ಬೆಳಕಿಗೆ ತಿರುಗಿಸಿದ. ಹರಿದ ಬೆತ್ತದ ಮೇಲೆ ಬೆರಳಾಡಿಸುತ್ತಾ ಹೋಗಿ ಮುಂಭಾಗದಲ್ಲಿ ಒಂದು ಕಡೆ ನಿಲ್ಲಿಸಿದ. ಅವಳ ಮುಖ ನೋಡಿದ. ಏನೋ ಕೇಳುವವನಂತೆ ತುಟಿ ತೆರೆದು, ಕೇಳದೆ ಸುಮ್ಮನಾದ. "ಬರೋ ಭಾನುವಾರ ಬನ್ನಿ ಮೇಡಂ. ಹೊಸದರ ಹಾಗೆ ಇರುತ್ತೆ."

ಭಾನುವಾರ ಹೊಸದರ ಹಾಗೆಯೇ ಇತ್ತು. ಅಂಚಿನಿಂದ ಅಂಚಿಗೆ ಸಣ್ಣ ಸಣ್ಣ ಕಣ್ಣುಗಳು, ಒಂದರಂತೆ ಒಂದು. ಅವನು ಅದರ ಮೇಲೆ ಅಂಗೈ ಒತ್ತಿ ತೋರಿಸಿದ. ತಬಲದಂತೆ ಸದ್ದು ಬಂತು. ಆ ಅಂಗೈಯಲ್ಲಿ ಬೆತ್ತ ಕೊರೆದ ಸಣ್ಣ ಗೆರೆಗಳನ್ನು ನೋಡುತ್ತಾ ಅವಳಿಗೆ ಇದ್ದಕ್ಕಿದ್ದಂತೆ ಹೊಳೆಯಿತು: ಈಗ ಕುರ್ಚಿ ಒಯ್ದರೆ ಇನ್ನು ಈ ಗಲ್ಲಿಯಲ್ಲಿ ತನಗೆ ಕೆಲಸವಿಲ್ಲ.

"ಒಂದು ಕಾಲು ಅಲ್ಲಾಡುತ್ತಲ್ಲ?" ಎಂದಳು.

ಅವನು ನೆಲ ನೋಡಿದ. ಅಲ್ಲಾಡುತ್ತಿದ್ದುದು ನೆಲದ ಕಲ್ಲು. ಆದರೂ, "ಹೌದಲ್ಲ. ಮುಂದಿನ ವಾರ ನೋಡೋಣ" ಎಂದ.

ಮುಂದಿನ ತಿಂಗಳು ಹೆಣಿಗೆಯ ಕಣ್ಣುಗಳು ಸಮ ಇಲ್ಲವೆಂದಳು. ಅವನು ಬಿಚ್ಚಿ ಮತ್ತೆ ಹೆಣೆದ. ಅದಾದ ಮೇಲೆ ಬಣ್ಣ ಹಳೆಯದರಂತಿಲ್ಲವೆಂದಳು. ಅವನು ಎಣ್ಣೆ ಹಚ್ಚಿ ಬಿಸಿಲಿಗಿಟ್ಟ.

"ಊರವರ ಕಣ್ಣೆಲ್ಲ ಸರಿ ಮಾಡ್ತೀರಿ," ಎಂದ ಒಮ್ಮೆ, ತಲೆಯೆತ್ತದೆ. "ನಿಮ್ಮ ಕಣ್ಣು ಯಾರು ನೋಡ್ತಾರೆ?"

"ನನ್ನ ಕಣ್ಣಿಗೇನಾಗಿದೆ?"

"ಇಲ್ಲದಿರೋದೆಲ್ಲ ಕಾಣುತ್ತೆ."

ಅವನು ಆಗ ತಲೆಯೆತ್ತಿದ. ಬಾಯಿ ಗಂಭೀರವಾಗಿತ್ತು. ನಗು ಮಾತ್ರ ಕಣ್ಣಿನ ಮೂಲೆಯಲ್ಲಿ, ಬಾಗಿಲ ಸಂದಿಯಿಂದ ಇಣುಕುವ ಮಗುವಿನಂತೆ ನಿಂತಿತ್ತು. ಅವಳು ಬೆತ್ತದ ತೊಟ್ಟಿಯನ್ನು ತುಂಬಾ ಆಸಕ್ತಿಯಿಂದ ನೋಡತೊಡಗಿದಳು.

ಹೀಗೇ ವರ್ಷ ಕಳೆಯಿತು. ಹಬ್ಬಕ್ಕೆ ಒಂದು ವಾರವಿದ್ದಾಗ, ಈ ಸಲ ಒಯ್ದೇ ಒಯ್ಯುವೆನೆಂದು ಗಟ್ಟಿ ಮನಸ್ಸು ಮಾಡಿ ಹೋದಳು. ಕುರ್ಚಿಯ ಆಸನದ ಸುತ್ತ ಅಂಚಿನ ಪಟ್ಟಿಯೇ ಇರಲಿಲ್ಲ. ರಂಧ್ರಗಳೆಲ್ಲ ಬಾಯಿ ಬಿಟ್ಟಿದ್ದವು.

"ಅಂಚು ಕಟ್ಟೋದು ಬಾಕಿ ಮೇಡಂ," ಎಂದ ಅವನು, ಕಿವಿ ಕೆಂಪಗೆ ಮಾಡಿಕೊಂಡು.

ಅವಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಖುಷಿ. "ಇರಲಿ ಬಿಡಿ, ನಿಧಾನವಾಗಿ ಮಾಡಿ" ಎಂದುಬಿಟ್ಟಳು. ಗಲ್ಲಿಯ ತಿರುವು ದಾಟಿದ ಮೇಲೆ, ತನ್ನ ಬಾಯಿಂದ ಏನು ಬಂತೆಂದು ತಿಳಿದು ಮೈಯೆಲ್ಲ ಬಿಸಿಯಾಯಿತು. ಅಜ್ಜಿ ವರ್ಷವಿಡೀ ಕಾದ ಕುರ್ಚಿ. ಅದನ್ನು ನಾನು ಯಾರನ್ನೋ ನೋಡುವ ನೆಪಕ್ಕೆ ಒತ್ತೆ ಇಟ್ಟೆನಲ್ಲ.

ಬರಿಗೈಯಲ್ಲಿ ಹೋಗಿ ಅಜ್ಜಿಯ ಮುಖ ನೋಡುವುದು ಹೇಗೆ? ಮರುದಿನ ದೊಡ್ಡಮ್ಮನಿಗೆ ಫೋನ್ ಮಾಡಿದಳು. "ಈ ಸಲ ಹಬ್ಬಕ್ಕೆ ನಮ್ಮಂಗಡಿ ತೆರೆದಿರುತ್ತೆ ದೊಡ್ಡಮ್ಮ. ರಜೆ ಕೊಡ್ತಿಲ್ಲ."

"ಹಬ್ಬದ ದಿನ ಯಾರಿಗೆ ಕಣ್ಣು ಕಾಣಲ್ವಂತೆ?" ದೊಡ್ಡಮ್ಮ ರೇಗಿದಳು.

ಒಂದು ಗೇಣು, ಎಂದುಕೊಂಡಳು ಪಿಟೀಲು. ನೆರಳು ಒಂದು ಗೇಣು ಬೆಳೆಯಿತು.

*

ಹಬ್ಬದ ಬೆಳಿಗ್ಗೆ ಅಳುತ್ತಾ ಏಳುತ್ತೇನೆಂದುಕೊಂಡಿದ್ದಳು. ಎದ್ದದ್ದು ಒಂಬತ್ತು ಗಂಟೆಗೆ, ಆಕಳಿಸುತ್ತಾ.

ಸ್ನಾನಕ್ಕೆ ಸರದಿಯಿಲ್ಲ. ಬಾಗಿಲು ಬಡಿದು "ಒಳಗೇ ಮನೆ ಕಟ್ಟಿದೀಯೇನೇ?" ಎನ್ನುವ ಅತ್ತೆಯಿಲ್ಲ. ಬಿಸಿನೀರೆಲ್ಲ ತನ್ನದೇ. ಸ್ನಾನ ಮುಗಿಸಿ, ಹೊಸ ಬಟ್ಟೆಯನ್ನು ಹಾಸಿಗೆಯ ಮೇಲೆ ಹರಡಿ ಮುಟ್ಟಿ ನೋಡಿ, ಮತ್ತೆ ಹಳೆಯ ಹೂವಿನ ನೈಟಿಯನ್ನೇ ತೊಟ್ಟಳು. ನೋಡುವವರು ಯಾರು?

ವಡೆ ಕರಿಯಲು ಎಣ್ಣೆಯಿಟ್ಟಳು. ಮೊದಲನೆಯದು ಕಪ್ಪಾಯಿತು, ಎರಡನೆಯದು ಒಡೆಯಿತು. ಮೂರನೆಯದನ್ನು ಬಾಣಲೆಯ ಮುಂದೆಯೇ ನಿಂತು, ಬಾಯಿ ಸುಟ್ಟುಕೊಳ್ಳುತ್ತಾ ತಿಂದಳು. ಎಣ್ಣೆಯ ಹೊಗೆ ಹೋಗಲೆಂದು ಮುಂಬಾಗಿಲು ತೆರೆದಿಟ್ಟಳು. ಕಿಟಕಿಯಡಿ ಬಿಸಿಲು ಬಿದ್ದ ಜಾಗದಲ್ಲಿ ಕಾಲು ಚಾಚಿ, ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ಕೂತಳು. ಮೊದಲು ಸಿಹಿ, ಆಮೇಲೆ ಖಾರ, ಆಮೇಲೆ ಮತ್ತೆ ಸಿಹಿ. "ಮದುವೆ ಯಾವಾಗ?" ಎಂಬ ಪ್ರಶ್ನೆಯನ್ನು ಎಲೆಯ ತುದಿಗೆ ಉಪ್ಪು ಬಡಿಸಿದಂತೆ ಬಡಿಸುವವರೂ ಇರಲಿಲ್ಲ. ಅಪಸ್ವರದಲ್ಲಿ ಹಾಡಿದಳು. ಹಾಡು ಮರೆತ ಕಡೆ ತಾನೇ ಪದ ಕಟ್ಟಿದಳು.

ಹಬ್ಬ ಇಷ್ಟು ಚೆನ್ನಾಗಿರುತ್ತೆಂದು ಗೊತ್ತೇ ಇರಲಿಲ್ಲ. ಹಾಗೆ ಅನ್ನಿಸಿದ್ದೇ ತಡ, ಬಾಯಿಗೆತ್ತಿದ ಸಿಹಿಯನ್ನು ತಟ್ಟೆಗೇ ಇಟ್ಟಳು. ಎಂಥವಳು ನಾನು! ಕುರ್ಚಿ ಮುರಿದೆ, ಕೊಡದೆ ಉಳಿಸಿಕೊಂಡೆ, ಸುಳ್ಳು ಹೇಳಿದೆ. ಇಷ್ಟು ಸಾಲದೆಂದು ಸುಖವಾಗಿಯೂ ಇದ್ದೇನೆ. ಕನಿಷ್ಠ ದುಃಖವಾದರೂ ಪಡಬಾರದೇ?

ಅಷ್ಟರಲ್ಲಿ ಫೋನ್. ದೊಡ್ಡಮ್ಮನ ವಿಡಿಯೋ ಕಾಲ್.

ಪಿಟೀಲು ಚಿಮ್ಮಿ ಎದ್ದಳು. ಅಂಗಡಿಯಲ್ಲಿರಬೇಕಾದವಳು ನೈಟಿಯಲ್ಲಿದ್ದಾಳೆ! ಕೋಟು... ಬಿಳಿ ಕೋಟು ಗೂಟಕ್ಕಿತ್ತು. ನೈಟಿಯ ಮೇಲೇ ಎಳೆದುಕೊಂಡು ಗುಂಡಿ ಹಾಕಿದಳು. ಮುಂಬಾಗಿಲ ಪಕ್ಕದ ಗೋಡೆಯಲ್ಲಿ ಅಂಗಡಿಯಿಂದ ತಂದ ಹಳೆಯ ಅಕ್ಷರದ ಚಾರ್ಟ್ ತೂಗುತ್ತಿತ್ತು. ಅದರ ಮುಂದೆ ನಿಂತು ಫೋನ್ ಒತ್ತಿದಳು.

ತೆರೆಯ ತುಂಬ ಮುಖಗಳು. ಚಿಕ್ಕಪ್ಪನ ಅರ್ಧ ಮುಖ, ಅತ್ತೆಯ ಒಂದು ಕಿವಿ. ಎಲ್ಲರ ಹಿಂದೆ, ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ, ಅದೂ ಮುರಿದೀತೆಂಬ ಭಯದಲ್ಲಿ ಕೂತಂತೆ ಅಜ್ಜಿ.

"ಊಟ ಆಯ್ತಾ ಪಿಟೀಲು?"

"ಎಲ್ಲಿ ಅಜ್ಜಿ... ಜನ ಇದ್ದಾರೆ." ಎರಡು ಗೇಣು. "ನಿಂದು? ಸಿಹಿ ತಿಂದ್ಯಾ?"

"ನಂಗ್ಯಾಕೆ ಸಿಹಿ? ಕುರ್ಚಿ ಮುರಿಯೋ ಮೈ ಇದು," ಎಂದು ನಕ್ಕಳು ಅಜ್ಜಿ. ಎಲ್ಲರೂ ನಕ್ಕರು. ಆಮೇಲೆ ಅಜ್ಜಿ ಕಣ್ಣು ಕಿರಿದು ಮಾಡಿ ಫೋನ್ ಹತ್ತಿರಕ್ಕೆ ಬಂದಳು. "ನಿನ್ನ ಹಿಂದೆ ಯಾರೇ ಅದು? ತಲೆ ಮೇಲೇನು, ಕೊಂಬಾ?"

ಪಿಟೀಲು ತಿರುಗಿದಳು. ತೆರೆದ ಮುಂಬಾಗಿಲಲ್ಲಿ ಬೆತ್ತದವನು ನಿಂತಿದ್ದ. ತಲೆಯ ಮೇಲೆ ಅಡಿಮೇಲಾಗಿ ಕುರ್ಚಿ, ನಾಲ್ಕು ಕಾಲೂ ಆಕಾಶಕ್ಕೆ.

ಭೂಮಿ ಬಾಯಿ ಬಿಡಲಿ ಎಂದುಕೊಂಡಳು. ಬಿಡಲಿಲ್ಲ. ಅವನ ಕಣ್ಣು ಕೋಟಿನಿಂದ ಕೆಳಗಿಣುಕುತ್ತಿದ್ದ ನೈಟಿಯ ಹೂಗಳ ಮೇಲೆ, ಅಲ್ಲಿಂದ ಚಾರ್ಟಿನ ಮೇಲೆ, ಅಲ್ಲಿಂದ ಫೋನಿನ ಮೇಲೆ ಹರಿಯಿತು. ಅವಳ ಮುಖಕ್ಕೆ ಬಂದು ನಿಂತಿತು. ಅಲ್ಲಿ ಏನು ಓದಿದನೋ, ಕುರ್ಚಿಯನ್ನು ಮೆಲ್ಲಗೆ ಗೋಡೆಯ ಮರೆಗಿಳಿಸಿ, ಒಳಗೆ ಬಂದು ಕೈಕಟ್ಟಿ ನಿಂತ.

"ನನ್ನ ಸರದಿ ಬಂತಾ ಮೇಡಂ? ಕಣ್ಣು ತೋರಿಸಬೇಕಿತ್ತು."

"ಆಂ... ಹೂಂ. ಎಡಗಣ್ಣು ಮುಚ್ಚಿ. ಮೂರನೇ ಸಾಲು ಓದಿ."

"ಗ, ರ, ಟ, ಪ," ಎಂದು ಓದಿದ, ಶಾಲೆಯ ಹುಡುಗನಂತೆ. "ಕೊನೇ ಸಾಲು ಕಾಣ್ತಿಲ್ಲ ಮೇಡಂ. ಎಲ್ಲೋ ಬೇರೆ ಕಡೆ ನೋಡ್ತಾ ಇದ್ದೀನಿ ಅನ್ಸುತ್ತೆ."

"ಅಯ್ಯೋ ಪಾಪ," ಎಂದಳು ಫೋನಿನೊಳಗಿಂದ ಅಜ್ಜಿ. "ಹಬ್ಬದ ದಿನ ಬಂದಿದ್ದಾನೆ, ಸರಿಯಾಗಿ ನೋಡಿ ಕಳಿಸೇ. ನಾವು ಇಡ್ತೀವಿ. ಕಷ್ಟಪಟ್ಟು ದುಡಿಯೋ ಮಗು ನನ್ನದು."

ತೆರೆ ಕಪ್ಪಾಯಿತು. ಕಷ್ಟಪಟ್ಟು ದುಡಿಯುವ ಮಗು ಕೋಟಿನ ಜೇಬಿಗೆ ಕೈಯಿಟ್ಟು, ಚಾರ್ಟಿನ ಕಡೆ ಮುಖ ಮಾಡಿ ನಿಂತುಬಿಟ್ಟಿತು. ತಿರುಗಲು ಧೈರ್ಯವಿರಲಿಲ್ಲ.

"ನೀವು ಊರಿಗೆ ಹೋಗಿರ್ತೀರಿ ಅಂದ್ಕೊಂಡಿದ್ದೆ," ಎಂದ ಅವನು ಹಿಂದಿನಿಂದ. "ರಸೀದಿಯಲ್ಲಿ ವಿಳಾಸ ಇತ್ತು. ಕುರ್ಚಿ ಬಾಗಿಲಲ್ಲಿಟ್ಟು ಓಡಿಹೋಗೋಣ ಅಂತ ಬಂದೆ. ಮೆಟ್ಟಿಲು ಹತ್ತುವಾಗ ಯಾರೋ ಹಾಡ್ತಿದ್ದಿದ್ದು ಕೇಳಿಸ್ತು."

"ಅದನ್ನೂ ಕೇಳಿಸಿಕೊಂಡ್ರಾ!"

"ಮೂರು ಮಹಡಿಯವರೂ ಕೇಳಿಸಿಕೊಂಡಿರ್ತಾರೆ."

ನಗಬೇಕೆಂದುಕೊಂಡವಳು ಅತ್ತುಬಿಟ್ಟಳು. ಹೆಸರಿಗೆ ತಕ್ಕ ಹಾಗೆ, ಸಣ್ಣ ದನಿಯಲ್ಲಿ, ಬಿಡದೆ. ಅಳುತ್ತಲೇ ಎಲ್ಲ ಹೇಳಿದಳು. ಅಟ್ಟ, ಪಾತ್ರೆ, 'ಚಟ್' ಎಂದ ಸದ್ದು, ದಿಂಬು, ಅಜ್ಜಿ ಬಿಟ್ಟ ಸಿಹಿ. "ಅವಳು ತನ್ನನ್ನೇ ಬೈಕೊಂಡು ನಗ್ತಾಳೆ. ನಾನು ನೋಡ್ಕೊಂಡು ಸುಮ್ನಿದ್ದೀನಿ. ಒಂದು ವರ್ಷದಿಂದ!"

ಅವನು ಆಶ್ಚರ್ಯಪಡಲಿಲ್ಲ. "ನನಗೆ ಗೊತ್ತಿತ್ತು."

"ಏನು?"

"ಕೂತು ಹರಿದ ಬೆತ್ತ ನಡುವೆ ಹರಿಯುತ್ತೆ. ನಿಮ್ಮ ಕುರ್ಚಿ ನಡುವೆಯೂ ಹರಿದಿತ್ತು, ಸರಿ. ಆದ್ರೆ ಮುಂದುಗಡೆ ಒಂದು ಗೇಣು ಅಂತರದಲ್ಲಿ ಎರಡು ಸಣ್ಣ ಗುಂಡಿ. ಹಿಮ್ಮಡೀದು. ಯಾರೋ ಹತ್ತಿ ನಿಂತಿದ್ದಾರೆ, ಅದೂ ಸಣ್ಣ ಪಾದದವರು ಅಂತ ಮೊದಲ ದಿನವೇ ತಿಳೀತು. ಕೇಳೋಣ ಅಂತ ನಿಮ್ಮ ಮುಖ ನೋಡಿದೆ. ನೀವು ಎಷ್ಟು ನಾಚಿಕೊಂಡು ನಿಂತಿದ್ರಿ ಅಂದ್ರೆ, ಕೇಳಲಿಲ್ಲ."

ಒಂದು ವರ್ಷ ಅವಳು ಬಚ್ಚಿಟ್ಟದ್ದನ್ನು ಇವನು ಗೋಡೆಗೆ ತೂಗಿದ ಕುರ್ಚಿಗಳ ನಡುವೆ, ಯಾರಿಗೂ ತೋರಿಸದೆ ಜೋಪಾನ ಮಾಡಿದ್ದ. ಅವಳು ಕೋಟಿನ ತೋಳಿನಿಂದ ಮೂಗೊರೆಸಿಕೊಂಡಳು.

"ಇನ್ನೊಂದಿದೆ," ಎಂದಳು ನೆಲಕ್ಕೆ. "ಕಾಲು ಅಲ್ಲಾಡ್ತಿರಲಿಲ್ಲ. ಕಣ್ಣುಗಳು ಸಮವಾಗೇ ಇದ್ವು. ಬಣ್ಣವೂ..."

"ಅದೂ ಗೊತ್ತು." ಈಗ ನೆಲ ನೋಡುವ ಸರದಿ ಅವನದು. "ನೀವು ಹುಡುಕಿದ ತಪ್ಪೆಲ್ಲ ಮುಗೀತಾ ಬಂದಿತ್ತು. ಇನ್ನು ಹುಡುಕೋಕೆ ಏನೂ ಸಿಗಲ್ಲ, ಒಯ್ದುಬಿಡ್ತೀರಿ ಅಂತ ಭಯ ಆಯ್ತು. ಅದಕ್ಕೆ ಅಂಚು ನಾನೇ ಬಿಚ್ಚಿದೆ. ಕಟ್ಟಿದ್ದ ಅಂಚು, ಬಿಚ್ಚಿದೆ. ನಮ್ಮ ಕಸುಬಿನವರು ಯಾರಾದ್ರೂ ಕೇಳಿದ್ರೆ ಉಗೀತಾರೆ."

ಅಡುಗೆಮನೆಯಲ್ಲಿ ಎಣ್ಣೆ ತಣ್ಣಗಾಗುತ್ತಾ ಸಣ್ಣಗೆ ಚಟಗುಟ್ಟಿತು. ಇಬ್ಬರು ಕಳ್ಳರು ಎದುರಾಬದುರು ನಿಂತು, ಕದ್ದ ಮಾಲಿನ ಮೇಲೆ ಕಣ್ಣಿಟ್ಟಿದ್ದರು. ಗೋಡೆಯ ಮರೆಯಲ್ಲಿ, ಬಾಯಿ ತೆರೆದ ರಂಧ್ರಗಳ ಕುರ್ಚಿ.

"ಈಗ ಕಟ್ಟಿದ್ರೆ ಎಷ್ಟು ಹೊತ್ತು ಬೇಕು?" ಎಂದು ಕೇಳಿದಳು.

"ಕೈಜೋಡಿಸೋರಿದ್ರೆ ಒಂದು ಗಂಟೆ."

*

ಅಂಚಿನ ಸೀಳನ್ನು ಅವನು ಜೇಬಲ್ಲಿ ಸುತ್ತಿಟ್ಟುಕೊಂಡೇ ಬಂದಿದ್ದ. ಬಾಗಿಲಲ್ಲಿಟ್ಟು ಓಡುವವನು ಅದನ್ನೇಕೆ ತಂದನೆಂದು ಅವಳು ಕೇಳಲಿಲ್ಲ. ಸ್ನಾನದ ಬಕೆಟ್ಟಿನಲ್ಲಿ ನೆನೆಹಾಕಿದರು. ನೆನೆಯುವ ತನಕ ಅವನಿಗೆ ತಟ್ಟೆ ಕೊಟ್ಟಳು.

"ಇದು ಕಪ್ಪಗಿದೆಯಲ್ಲ?"

"ಇಲ್ಲದಿರೋದೆಲ್ಲ ಕಾಣುತ್ತೆ ನಿಮಗೆ. ತಿನ್ನಿ."

ಆಮೇಲೆ ಬಿಸಿಲು ಬಿದ್ದ ಅದೇ ಜಾಗದಲ್ಲಿ ಕುರ್ಚಿಯನ್ನು ನಡುವಿಟ್ಟು ಆಚೀಚೆ ಕೂತರು. ಅಗಲದ ಪಟ್ಟಿ ರಂಧ್ರಗಳ ಮೇಲೆ ಹಾಯುತ್ತದೆ. ಸಣ್ಣ ಎಳೆ ಕೆಳಗಿನಿಂದ ಬಂದು ಅದನ್ನು ಅಪ್ಪಿ ಅದೇ ರಂಧ್ರದಲ್ಲಿ ಇಳಿಯುತ್ತದೆ. ಮೇಲಿನಿಂದ ಅವನು ಇಳಿಸಿದ. ಕೆಳಗಿನಿಂದ ಅವಳು ಎಳೆದು ಹಿಡಿದಳು. ಒದ್ದೆ ಎಳೆಯ ಎರಡು ತುದಿಯಲ್ಲಿ ಎರಡು ಕೈ. ಅವನು ಎಳೆದರೆ ಅವಳ ಬೆರಳಿಗೆ ಗೊತ್ತಾಗುತ್ತಿತ್ತು.

"ಬಿಗಿಯಾಗಿ ಹಿಡೀರಿ. ಬಿಟ್ರೆ ಮೊದಲಿಂದ ಶುರು ಮಾಡಬೇಕು."

"ಮೊದಲಿಂದ ಶುರು ಮಾಡೋದು ನಿಮಗೇನು ಹೊಸದಾ?"

ಅವನು ನಕ್ಕ. ನಗುವಾಗ ಕೈ ಅಲ್ಲಾಡಿ ಎಳೆ ಜಾರಿತು. ಇಬ್ಬರ ಕೈಯೂ ಒಟ್ಟಿಗೆ ಹಿಡಿಯಲು ಹೋಗಿ ಆಸನದ ಕೆಳಗೆ ಒಂದನ್ನೊಂದು ಹಿಡಿದವು. ಮೇಲೆ ಇಬ್ಬರ ಮುಖವೂ ಬಹಳ ಸಭ್ಯವಾಗಿತ್ತು. ಕೆಳಗೆ ಕೈ ಬಿಡಲಿಲ್ಲ.

"ಕುರ್ಚಿ ಇಲ್ಲದಿದ್ರೂ ಗಲ್ಲಿಗೆ ಬರ್ತೀರಾ?" ಎಂದು ಕೇಳಿದ. ಕಿವಿ ಮತ್ತೆ ಕೆಂಪು.

"ನೆಪ ಬೇಕಲ್ಲ."

"ನನ್ನ ಕಣ್ಣಿನ ಪರೀಕ್ಷೆ ಅರ್ಧಕ್ಕೇ ನಿಂತಿದೆ. ಕೊನೇ ಸಾಲು ಇನ್ನೂ ಓದಿಲ್ಲ."

ಅವಳು ತಲೆಯೆತ್ತಿದಳು. ಈ ಸಲ ತೊಟ್ಟಿ ಇರಲಿಲ್ಲ, ಬೇರೆ ಕಡೆ ನೋಡಲು ಏನೂ ಇರಲಿಲ್ಲ. "ನೆಪ ಬೇಡ," ಎಂದಳು. "ಇನ್ಮೇಲೆ ಸುಳ್ಳು ಸಾಕು. ನಿಮ್ಮನ್ನ ನೋಡೋಕೇ ಬರ್ತೀನಿ."

ನಾಲ್ಕು ಗಂಟೆಗೆ ಅವನ ಪುಟ್ಟ ವ್ಯಾನಿನಲ್ಲಿ ಕುರ್ಚಿ ಹಿಂದೆ, ಇವರಿಬ್ಬರು ಮುಂದೆ. ತನ್ನ ಅಕ್ಕನ ಮನೆಯ ಊಟಕ್ಕೆ ಬರಲಾಗುವುದಿಲ್ಲವೆಂದು ಅವನು ಫೋನಿನಲ್ಲಿ ಹೇಳಿದ. ಅಕ್ಕ ಏನು ಕೇಳಿದಳೋ, "ಹೂಂ, ಅವರೇ" ಎಂದಷ್ಟೇ ಉತ್ತರಿಸಿ ಇಟ್ಟ. ಒಂದೂವರೆ ಗಂಟೆಯ ದಾರಿ. ದಾರಿಯುದ್ದಕ್ಕೂ ಪಿಟೀಲು, ಅಜ್ಜಿಗೆ ಹೇಳಬೇಕಾದ ಮಾತನ್ನು ಬಾಯಲ್ಲೇ ಹೆಣೆದಳು, ಬಿಚ್ಚಿದಳು. ಹೊರಗೆ ಇಳಿಬಿಸಿಲಿಗೆ ವ್ಯಾನಿನ ನೆರಳು ಹೊಲ ದಾಟಿ ಎಷ್ಟೋ ದೂರ ಚಾಚಿತ್ತು.

ದೊಡ್ಡಪ್ಪನ ಮನೆಯ ಬಾಗಿಲಲ್ಲಿ ಮೊದಲು ಕುರ್ಚಿಯೇ ಒಳಗೆ ಹೋಯಿತು. ಗದ್ದಲ ನಿಂತಿತು. ಕೋಟು ಬಿಚ್ಚಿ ಹೊಸ ಬಟ್ಟೆಯುಟ್ಟು ಬಂದವಳು, ಅಷ್ಟೂ ಜನರ ಮುಂದೆ, ಅಜ್ಜಿಯ ಎದುರು ನಿಂತಳು. ಹೆಣೆದ ಮಾತೆಲ್ಲ ಬಿಚ್ಚಿಹೋಯಿತು.

"ಅಜ್ಜಿ, ಕುರ್ಚಿ ಮುರಿದಿದ್ದು ನೀನಲ್ಲ. ಅವತ್ತು ಬೆಳಿಗ್ಗೆ ಪಾತ್ರೆ ಇಳಿಸೋಕೆ ನಾನು ಹತ್ತಿ ನಿಂತೆ. ಮುರೀತು. ದಿಂಬು ಮುಚ್ಚಿಟ್ಟೆ. ಇವತ್ತು ಅಂಗಡಿಯೂ ಇರಲಿಲ್ಲ. ಕುರ್ಚಿ ಇಲ್ದೆ ಬರೋಕೆ ನಾಚಿಕೆಯಾಗಿ ಸುಳ್ಳು ಹೇಳಿದೆ."

ಅಜ್ಜಿಯ ಮುಖ ಕೆಂಪಗಾಯಿತು.

"ಒಂದು ವರ್ಷ!" ಎಂದಳು. "ಒಂದು ವರ್ಷ ನಾನು ಸಿಹಿ ಬಿಟ್ಟೆನಲ್ಲೇ, ಪಾಪಿ! ಹೋದ ತಿಂಗಳ ಮದುವೆ ಮನೇಲಿ ಮೂರು ಬಗೆ ಮಾಡಿದ್ರು. ಮೂರು! ಬರೀ ಮೂಸಿ ನೋಡಿ ಬಂದೆ!"

"ತಪ್ಪಾಯ್ತಜ್ಜಿ."

"ಸುಮ್ನಿರು. ಸಿಟ್ಟು ಇನ್ನೂ ಮುಗಿದಿಲ್ಲ." ಅಜ್ಜಿ ನಿಜಕ್ಕೂ ನೊಂದಿದ್ದಳು. ಪಿಟೀಲು ತಲೆ ತಗ್ಗಿಸಿ ನಿಂತೇ ಇದ್ದಳು. ಕೊನೆಗೆ ಅಜ್ಜಿಯ ಕೈ ಕುರ್ಚಿಯ ಅಂಚಿನ ಮೇಲೆ ಹೋಯಿತು. ಇನ್ನೂ ಒಂದಿಷ್ಟು ಒದ್ದೆಯಿದ್ದ ಹೊಸ ಅಂಚು. ಬೆರಳು ಸುತ್ತ ಒಂದು ಪ್ರದಕ್ಷಿಣೆ ಬಂತು.

"ನಡುವಿನ ಹೆಣಿಗೆಗೆ ಕೈ ಒಂದು," ಎಂದಳು. "ಅಂಚು ಎರಡು ಕೈ ಕೆಲಸ. ಒಂದು ಪಳಗಿದ್ದು, ಇನ್ನೊಂದು ದಡ್ಡ ಕೈ." ಕಣ್ಣು ಕಿರಿದು ಮಾಡಿ ಬಾಗಿಲ ಕಡೆ ನೋಡಿದಳು. ಅಲ್ಲಿ ಬೆತ್ತದವನು ಚಪ್ಪಲಿ ಬಿಡುವುದೋ ಬೇಡವೋ ಎಂದು ನಿಂತಿದ್ದ. "ಇವನು ಮಧ್ಯಾಹ್ನದ ಕೊಂಬಿನವನಲ್ವೇನೇ?"

"ಹೌದಜ್ಜಿ. ಕುರ್ಚಿ ಹೆಣೆದೋರು. ಇಷ್ಟು ತಡ ಆಗಿದ್ದು..." ಪಿಟೀಲು ಉಸಿರೆಳೆದುಕೊಂಡಳು. "ನಂಗೆ ಇವರು ಇಷ್ಟ ಅಂತ. ಬೇಗ ಮುಗೀಬಾರದು ಅಂತ."

"ಅರ್ಧ ತಪ್ಪು ನಂದು," ಎಂದ ಅವನು ಹೊಸ್ತಿಲಾಚೆಯಿಂದ.

ಚಿಕ್ಕಪ್ಪ ಈ ಸಲವೂ ನಗುತ್ತಾ ನೆಲಕ್ಕೆ ಕೂತ. ಅಜ್ಜಿ ನಗಲಿಲ್ಲ. "ಕಣ್ಣು ಕಾಣದೋನು ಹೊರಗ್ಯಾಕೆ ನಿಂತಿದ್ದಾನೆ? ಒಳಗೆ ಕರಿ. ದೊಡ್ಡವಳೇ, ನನಗೊಂದು ತಟ್ಟೆ ತಗೊಂಡು ಬಾ. ಸಿಹಿ ಮಾತ್ರ. ವರ್ಷದ್ದೆಲ್ಲ ಲೆಕ್ಕ ಹಾಕಿ ತಾ."

ದೊಡ್ಡಮ್ಮ ತಂದಳು. ಅಜ್ಜಿ ತಟ್ಟೆಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯನ್ನು ಮೊಮ್ಮಗಳ ಭುಜದ ಮೇಲೆ ಭಾರವಾಗಿ ಊರಿದಳು. ಬೇಕೆಂದೇ ಭಾರವಾಗಿ. ಕುರ್ಚಿಗೆ ಬೆನ್ನು ತಿರುಗಿಸಿದಳು. ಬೆತ್ತದವನು ಒಳಗೆ ಬಂದು ಉಸಿರು ಬಿಗಿಹಿಡಿದು ನಿಂತ. ಪಿಟೀಲು ಕಣ್ಣು ಮುಚ್ಚಿಕೊಂಡಳು.

ಹೊಸ ಬೆತ್ತ ಒಮ್ಮೆ ಮೆಲ್ಲಗೆ ಕಿರುಗುಟ್ಟಿ, ಸುಮ್ಮನಾಯಿತು. ಅಜ್ಜಿ ಕೂತಳು.